ತೆಲಿಗಿಯ ಹಾದಿಯಲ್ಲೊಂದು ಬಯಲು ವಸ್ತುಸಂಗ್ರಹಾಲಯ

ರಜೆ ಬಂದಿತೆಂದರೆ ಪಟ್ಟಣವಾಸಿಗಳಾದ ನಮ್ಮ ಸಂಸಾರಗಳಲ್ಲಿ ಪ್ರವಾಸದ ಮಾತು ಏಳುವುದು ಸಹಜ. ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಉತ್ತರಗಳೂ ಸಿದ್ಧವಾಗಿಯೇ ಇರುತ್ತವೆ: ಬೇಲೂರು, ಹಳೇಬೀಡು, ಜೋಗ, ಹಂಪೆ. ಹಂಪೆಯೆಂದು ತೀರ್ಮಾನವಾಯಿತೆನ್ನಿ, ಬುತ್ತಿ ಕಟ್ಟಿ, ಮಕ್ಕಳನ್ನು ಎಬ್ಬಿಸಿ, ಬೆಳಗಿನ ಜಾವಕ್ಕೇ ಹೊರಟು, ಹರಿಹರದಲ್ಲಿ ಕಾಫಿ ಕುಡಿದವರು ಮತ್ತೆ ಕಣ್ಣು ತೆರೆಯುವುದು ಹೊಸಪೇಟೆಯ ಊಟದ ಎಲೆಯ ಮುಂದೆಯೇ. ನಡುವೆ ಸರಿದುಹೋದ ನೂರು ಕಿಲೋಮೀಟರಿಗೂ ಮಿಕ್ಕ ನೆಲದಲ್ಲಿ ಜೋಳದ ಹೊಲ, ಕುರಿಯ ಮಂದೆ, ಬೋಳುಗುಡ್ಡ ಇವಿಷ್ಟರ ಹೊರತು ಮತ್ತೇನೂ ಇಲ್ಲವೆಂಬುದು ಸಾಮಾನ್ಯವಾದ ನಂಬಿಕೆ.

ಆ ನಂಬಿಕೆಯನ್ನು ಕೊಂಚ ಅಲುಗಿಸುವುದೇ ಈ ಲೇಖನದ ಉದ್ದೇಶ. ಹರಿಹರದಿಂದ ಹರಪನಹಳ್ಳಿಯ ಕಡೆಗೆ ಸಾಗುವ ಹಾದಿಯಲ್ಲಿ ತೆಲಿಗಿ ಎಂಬ ಊರಿದೆ. ಹರಿಹರ, ಕೊಟ್ಟೂರುಗಳನ್ನು ಜೋಡಿಸುವ ರೈಲುಮಾರ್ಗವೂ ಇದೇ ಸೀಮೆಯನ್ನು ಹಾದುಹೋಗುತ್ತದೆ. ಈ ತೆಲಿಗಿಯನ್ನು ನಡುವಿನ ಗೂಟವೆಂದು ಭಾವಿಸಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಎಂಬ ಐದು ತಾಲ್ಲೂಕುಗಳಲ್ಲಿ ಎರಡು ಮೂರು ದಿನ ನಿಧಾನವಾಗಿ ಸುತ್ತಿದವರಿಗೆ, ಗೋಡೆಯಿಲ್ಲದ, ಸೂರಿಲ್ಲದ ಒಂದು ವಸ್ತುಸಂಗ್ರಹಾಲಯದಲ್ಲಿ ನಡೆದಾಡಿದ ಅನುಭವವಾಗುವುದರಲ್ಲಿ ಸಂದೇಹವಿಲ್ಲ.

ಸತ್ತ ಕಾಲೇಜು, ಬದುಕಿದ ಕಾಲೇಜು

ವಸ್ತುಸಂಗ್ರಹಾಲಯವೆಂಬ ಮಾತು ಕೇಳಿದೊಡನೆ ಮಕ್ಕಳು ಮುಖ ಸಿಂಡರಿಸುವುದುಂಟು. ಅವರನ್ನು ದೂರಿ ಫಲವಿಲ್ಲ. ಹಿಂದೆ ಮದರಾಸಿನ ಜನಸಾಮಾನ್ಯರು ಅಲ್ಲಿಯ ವಸ್ತುಸಂಗ್ರಹಾಲಯವನ್ನು ‘ಸತ್ತ ಕಾಲೇಜು’ ಎಂದೂ, ಮೃಗಾಲಯವನ್ನು ‘ಬದುಕಿದ ಕಾಲೇಜು’ ಎಂದೂ ಕರೆಯುತ್ತಿದ್ದರಂತೆ. ಆ ವಿನೋದದ ಮಾತಿನಲ್ಲಿ ಒಂದು ಆಳವಾದ ಸತ್ಯವಡಗಿದೆ. ತನ್ನ ಊರು, ತನ್ನ ಜನ, ತನ್ನ ಬಳಕೆ ಇವುಗಳಿಂದ ಬೇರ್ಪಟ್ಟು ಗಾಜಿನ ಪೆಟ್ಟಿಗೆ ಸೇರಿದ ವಸ್ತು, ಅದೆಷ್ಟೇ ಅಮೂಲ್ಯವಾಗಿರಲಿ, ನೋಡುವವನ ಕಣ್ಣಿಗೆ ಅರ್ಧ ಸತ್ತಂತೆಯೇ.

ಆದರೆ ಹರಪನಹಳ್ಳಿಯ ಸೀಮೆಯಲ್ಲಿ ಈ ಎರಡು ಕಾಲೇಜುಗಳೂ ಒಂದೇ ಆವರಣದಲ್ಲಿವೆ. ಸಾವಿರ ವರ್ಷದ ಹಿಂದೆ ಕಂಡರಿಸಿದ ಕಂಬಕ್ಕೆ ಒರಗಿ ಇಂದಿಗೂ ಮುದುಕರು ಹರಟುತ್ತಾರೆ. ವೀರಗಲ್ಲಿಗೆ ಇಂದಿಗೂ ಯಾರೋ ಎಣ್ಣೆ ಹಚ್ಚುತ್ತಾರೆ. ಕುರುಬರ ಕೇರಿಯಲ್ಲಿ ಮಗ್ಗದ ಸದ್ದು ಕ್ಷೀಣವಾಗಿಯಾದರೂ ಕೇಳುತ್ತದೆ. ಹಾಗೆಂದು ಎಲ್ಲವೂ ಸುಭದ್ರವಾಗಿದೆಯೆಂದು ತಿಳಿಯಬಾರದು. ಬದುಕಿದ ಕಾಲೇಜಿನಲ್ಲಿ ವಸ್ತುಗಳಿಗೆ ಜೀವವಿರುವಂತೆಯೇ ಸಾವೂ ಉಂಟು. ಆ ವಿಷಯ ಮುಂದೆ ಬರುತ್ತದೆ.

ಮೂರು ಜಿಲ್ಲೆ ಕಂಡ ತಾಲ್ಲೂಕು

ಇಷ್ಟು ಸಂಪತ್ತಿರುವ ಸೀಮೆ ನಮ್ಮ ಪ್ರವಾಸದ ಪಟ್ಟಿಯಲ್ಲಿ ಸೇರದೆ ಹೋದುದು ಏಕೆ? ಕಾರಣ ಬಹುಮಟ್ಟಿಗೆ ಚರಿತ್ರೆಯಲ್ಲಿದೆ. ಬಳ್ಳಾರಿ ಜಿಲ್ಲೆ ಬ್ರಿಟಿಷರ ಕಾಲದಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಮೈಸೂರು ಸಂಸ್ಥಾನದ ಊರೂರಿನ ಶಾಸನಗಳನ್ನು ಬಿ. ಎಲ್. ರೈಸರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಬೆಳಕಿಗೆ ತಂದಾಗ, ಗಡಿಯಾಚೆಯ ಹರಪನಹಳ್ಳಿ, ಹಡಗಲಿಗಳು ಅದರಲ್ಲಿ ಬರಲಿಲ್ಲ. ಇಲ್ಲಿಯ ಕನ್ನಡ ಶಾಸನಗಳು ‘ಸೌತ್ ಇಂಡಿಯನ್ ಇನ್ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟವಾಗಿ ಮದರಾಸು ಪ್ರಾಂತ್ಯದ ಹೆಸರಿನಲ್ಲಿ ಅಚ್ಚಾದವು. ದೇವಾಲಯಗಳನ್ನು ಅಳೆದು, ನಕ್ಷೆ ಬರೆದು, ಚಿತ್ರಗಳೊಡನೆ ಗ್ರಂಥವಾಗಿಸಿದವರು ಮದರಾಸಿನ ಪುರಾತತ್ವ ಇಲಾಖೆಯ ಅಲೆಗ್ಸಾಂಡರ್ ರೀ. ಅವರ ‘ಚಾಲುಕ್ಯನ್ ಆರ್ಕಿಟೆಕ್ಚರ್’ 1896ರಲ್ಲಿ ಪ್ರಕಟವಾಯಿತು. ಅದನ್ನು ಓದಬಲ್ಲವರು ಆಗ ಈ ಹಳ್ಳಿಗಳಲ್ಲಿ ಎಷ್ಟು ಮಂದಿ ಇದ್ದಾರು?

1953ರ ಅಕ್ಟೋಬರ್ 1ರಂದು ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯವನ್ನು ಕೂಡಿಕೊಂಡವು. ಹರಪನಹಳ್ಳಿಯ ಅಲೆದಾಟ ಅಲ್ಲಿಗೂ ಮುಗಿಯಲಿಲ್ಲ. 1997ರಲ್ಲಿ ಅದು ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಹೋಯಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಮನೆ ಬದಲಾಯಿಸುವ ಸಂಸಾರದಲ್ಲಿ ಒಂದೆರಡು ಪಾತ್ರೆ ಕಾಣೆಯಾಗುವಂತೆ, ಜಿಲ್ಲೆ ಬದಲಾಯಿಸುವ ತಾಲ್ಲೂಕಿನ ಕೀರ್ತಿಯೂ ಅಲ್ಲಲ್ಲಿ ಉದುರಿಹೋಗುತ್ತದೆ. ಯಾವ ಜಿಲ್ಲೆಯ ಪ್ರವಾಸ ಪುಸ್ತಿಕೆಯನ್ನು ತೆರೆದರೂ ಇದು ಕೊನೆಯ ಪುಟದ ಊರು.

ಬಳಪದ ಕಲ್ಲು

ಸಂಚಾರವನ್ನು ಹರಿಹರದಿಂದಲೇ ಆರಂಭಿಸುವುದು ಲೇಸು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೊಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಅಂಗಳದಲ್ಲಿ ಆಳೆತ್ತರದ ಶಾಸನಗಳು ಸಾಲಾಗಿ ನಿಂತಿವೆ. ಅಲ್ಲಿಂದ ತುಂಗಭದ್ರೆಯನ್ನು ಹಿಂದಿಕ್ಕಿ ತೆಲಿಗಿಯ ಕಡೆಗೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ, ಮಾತಿನ ಧಾಟಿ ಬದಲಾಗುತ್ತದೆ, ದೇವಾಲಯಗಳ ವಯಸ್ಸು ಒಂದೆರಡು ಶತಮಾನ ಹಿಂದಕ್ಕೆ ಸರಿಯುತ್ತದೆ. ದಕ್ಷಿಣದಲ್ಲಿ ಪಾಂಡ್ಯರ ಉಚ್ಚಂಗಿದುರ್ಗ ತನ್ನ ಬೆಟ್ಟದ ಮೇಲೆ ಕುಳಿತಿದೆ. ಪಶ್ಚಿಮಕ್ಕೆ ನೀಲಗುಂದ. ಅಲ್ಲಿಯ ಭೀಮೇಶ್ವರ ದೇವಾಲಯ ಗಾತ್ರದಲ್ಲಿ ಸಣ್ಣದು. ಆದರೆ ಬಾಗಿಲವಾಡದ ಬಳ್ಳಿ, ಗೋಡೆಯ ಕಿರುಗೋಪುರ, ಕಂಬದ ಅಂಚು ಒಂದೊಂದರಲ್ಲೂ ಅಕ್ಕಸಾಲಿಗನ ಕೆಲಸದ ನಯವಿದೆ.

ಈ ನಯಕ್ಕೆ ಕಾರಣ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದು ಇದರ ಗುಣ. ಬಾದಾಮಿ, ಪಟ್ಟದಕಲ್ಲುಗಳ ಶಿಲ್ಪಿಗಳು ಮರಳುಗಲ್ಲಿನಲ್ಲಿ ದೊಡ್ಡದಾಗಿ ಯೋಚಿಸಿದರು. ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಸೂಕ್ಷ್ಮವಾಗಿ ಯೋಚಿಸಿದರು. ಕಂಬಗಳನ್ನು ಬುಗುರಿಯಂತೆ ತಿರುಗಿಸಿ ಕಡೆದು ನುಣುಪಾದ ಬಳೆಗಳನ್ನು ಮೂಡಿಸಿದರು. ಈ ಪರಂಪರೆಯನ್ನೇ ಹೊಯ್ಸಳರು ಮುಂದೆ ಬೇಲೂರು, ಹಳೇಬೀಡುಗಳಿಗೆ ಒಯ್ದರು. ನಮ್ಮ ಹಿರಿಯರಿಗೆ ಸ್ಲೇಟಿನ ಮೇಲೆ ಮೊದಲ ಅಕ್ಷರ ಮೂಡಿಸಿದ ಬಳಪವೂ ಈ ಜಾತಿಯ ಕಲ್ಲೇ. ಅದೇ ಕಲ್ಲಿನಲ್ಲಿ ಚಾಲುಕ್ಯರ ಶಿಲ್ಪಿ ತನ್ನ ಪಾಠವನ್ನು ಅಳಿಸಲಾಗದಂತೆ ಬರೆದಿಟ್ಟನೆಂದು ಹೇಳಿದರೆ ಮಕ್ಕಳಿಗೆ ಒಡನೆಯೇ ಮನದಟ್ಟಾಗುತ್ತದೆ.

ಈ ಪಾಠವನ್ನು ಪೂರ್ತಿಯಾಗಿ ಓದಬೇಕಾದರೆ ಬಾಗಳಿಗೆ ಹೋಗಬೇಕು. ಶಾಸನಗಳ ‘ಬಲ್ಗಳಿ’ ಎಂಬ ಈ ಊರು ಹರಪನಹಳ್ಳಿಯಿಂದ ಏಳೆಂಟು ಕಿಲೋಮೀಟರು. ಇಲ್ಲಿಯ ಕಲ್ಲೇಶ್ವರ ದೇವಾಲಯದ ಕೆಲಸ ರಾಷ್ಟ್ರಕೂಟರ ಕೊನೆಗಾಲದಲ್ಲಿ, ಹತ್ತನೆಯ ಶತಮಾನದ ನಡುವೆ ಆರಂಭವಾಗಿ ಚಾಲುಕ್ಯ ಇಮ್ಮಡಿ ತೈಲಪನ ಕಾಲಕ್ಕೆ ಮುಂದುವರಿಯಿತು. ತೈಲಪನ ಆಳ್ವಿಕೆಯ 987ರ ಶಾಸನದಲ್ಲಿ ದುಗ್ಗಿಮಯ್ಯನೆಂಬುವನ ಹೆಸರು ಬರುತ್ತದೆ. ಒಂದು ರಾಜವಂಶ ಅಳಿದು ಇನ್ನೊಂದು ಏಳುವ ಗದ್ದಲದಲ್ಲೂ ಚಾಣದ ಸದ್ದು ನಿಲ್ಲದಿದ್ದ ಊರಿದು. ಮುಂದಿನ ತೆರೆದ ಮಂಟಪದಲ್ಲಿ 50 ಕಂಬಗಳಿವೆ. ಒಂದರ ಕೆತ್ತನೆಯನ್ನು ಇನ್ನೊಂದರೊಡನೆ ಹೋಲಿಸುತ್ತ ಹೋದರೆ ಅರ್ಧ ದಿನ ಸಾಲದು. ದೇವಾಲಯ ಮತ್ತು ಅದರ ಸುತ್ತಿನಲ್ಲಿ ಹತ್ತರಿಂದ ಹನ್ನೆರಡನೆಯ ಶತಮಾನದವರೆಗಿನ 36 ಹಳಗನ್ನಡ ಶಾಸನಗಳು ದೊರೆತಿವೆ. ಹೊರಗೋಡೆಯ ಮೇಲೆ ಮಿಥುನ ಶಿಲ್ಪಗಳಿರುವುದನ್ನು ಸಂಕೋಚಪಡುವ ಹಿರಿಯರಿಗೆ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ಮಕ್ಕಳ ಗಮನ ಸಾಮಾನ್ಯವಾಗಿ ಆನೆ, ಸಿಂಹಗಳ ಕಡೆಗೇ ಹೋಗುವುದರಿಂದ ಗಾಬರಿಗೆ ಕಾರಣವಿಲ್ಲ.

ಮಂಟಪದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗಣೇಶ, ಕಾರ್ತಿಕೇಯ, ಸೂರ್ಯ, ಸರಸ್ವತಿ, ಮಹಿಷಮರ್ದಿನಿ, ಉಮಾಮಹೇಶ್ವರ ಮೊದಲಾದ ಬಿಡಿ ವಿಗ್ರಹಗಳನ್ನು ಅಲ್ಲಿಯೇ ಇರಿಸಲಾಗಿದೆ. ಅವು ದೂರದ ನಗರವನ್ನು ಸೇರಲಿಲ್ಲ. ಬಯಲಿನಲ್ಲಿ ಮಳೆಗೆ ನೆನೆಯಲೂ ಇಲ್ಲ. ತಾವು ಹುಟ್ಟಿದ ಮನೆಯ ಪಡಸಾಲೆಯಲ್ಲಿಯೇ ಉಳಿದುಕೊಂಡಿವೆ. ಸಣ್ಣ ವಸ್ತುಸಂಗ್ರಹಾಲಯವೊಂದು ಹೇಗಿರಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಿಲ್ಲ.

ಊರು ಬಿಟ್ಟ ತಾಮ್ರಪಟ

ಎಲ್ಲ ವಸ್ತುಗಳಿಗೂ ಆ ಭಾಗ್ಯವಿಲ್ಲ. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯನ್ನು ನೋಡಿ. ಹನ್ನೊಂದನೆಯ ಶತಮಾನದ ಕಲ್ಲೇಶ್ವರ ದೇವಾಲಯದಿಂದಾಗಿ ಶಿಲ್ಪಪ್ರಿಯರಿಗೆ ಈ ಊರು ಪರಿಚಿತ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಇನ್ನೊಂದು ಕಾರಣದಿಂದ ಪರಿಚಿತ. ಪಲ್ಲವ ಶಿವಸ್ಕಂದವರ್ಮನ ಪ್ರಾಕೃತ ಭಾಷೆಯ ತಾಮ್ರಪಟಗಳು ಸಿಕ್ಕಿದ್ದು ಇಲ್ಲಿ. ನಾಲ್ಕನೆಯ ಶತಮಾನದಷ್ಟು ಹಳೆಯದಾದ ಆ ದಾನಪತ್ರವನ್ನು ಜರ್ಮನ್ ವಿದ್ವಾಂಸ ಬ್ಯೂಲರ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಮೊದಲನೆಯ ಸಂಪುಟದಲ್ಲಿಯೇ ಪ್ರಕಟಿಸಿದರು. ಹಿರೇಹಡಗಲಿಯ ಹೆಸರು ಆ ಮೂಲಕ ಯುರೋಪಿನ ವಿದ್ಯಾಪೀಠಗಳನ್ನು ಮುಟ್ಟಿತು. ಊರಿನ ಶಾಲೆಯ ಗೋಡೆಯ ಮೇಲೆ ಆ ಪಟಗಳ ಒಂದು ಛಾಯಾಚಿತ್ರವಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸದಿರದು.

ಹಾಗಾದರೆ ವಸ್ತುಗಳು ಊರಿನಲ್ಲಿಯೇ ಇರಬೇಕೆ, ನಗರದ ಭದ್ರತೆಗೆ ಹೋಗಬೇಕೆ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ತಾಮ್ರಪಟ ಊರಿನಲ್ಲಿ ಉಳಿದಿದ್ದರೆ ಬಹುಶಃ ಕರಗಿ ಬಿಂದಿಗೆಯಾಗುತ್ತಿತ್ತು. ವೀರಗಲ್ಲು ಬಟ್ಟೆ ಒಗೆಯುವ ಬಂಡೆಯಾದುದು, ಶಾಸನದ ಕಲ್ಲು ಹೊಸ್ತಿಲಾದುದು ಕನ್ನಡ ನಾಡಿನಲ್ಲಿ ಹೊಸ ಸುದ್ದಿಯೇನಲ್ಲ. ಆದರೆ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ನೋಡಿದಾಗ ಮನಸ್ಸು ಇನ್ನೊಂದು ಪಕ್ಷಕ್ಕೆ ವಾಲುತ್ತದೆ. ತುಂಗಭದ್ರೆಯ ದಂಡೆಯ ಈ ಊರಿನಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದ ಶಿಲ್ಪಿಗಳು ಕಂಬದ ನೆತ್ತಿಯ ಮೇಲೆ ಬಳುಕಿ ನಿಲ್ಲಿಸಿದ ಕನ್ಯೆಯರು ಬೇಲೂರಿನ ಮದನಿಕೆಯರಿಗೆ ಅಕ್ಕಂದಿರು. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಕುರುವತ್ತಿಯ ಕೆಲಸ ಅದಕ್ಕಿಂತ ಹಿಂದಿನದು. ಹೊಳೆಯ ಗಾಳಿ, ಬಸವಣ್ಣನ ಗಂಟೆ, ಶಿವರಾತ್ರಿಯ ಜಾತ್ರೆಯ ಗದ್ದಲ ಇವುಗಳ ನಡುವೆ ನಿಂತಿರುವ ಈ ಕನ್ಯೆಯರನ್ನು ಯಾವ ನಗರದ ದೀಪದ ಕೆಳಗೆ ನಿಲ್ಲಿಸಿದರೂ ಕಳೆ ಅರ್ಧವಾಗುತ್ತದೆ.

ನಿಶ್ಚಯವಾಗಿ ಹೇಳಬಹುದಾದದ್ದು ಇಷ್ಟು: ಕಲ್ಲು ಎಲ್ಲಿದ್ದರೂ, ಅದರ ಊರಿನ ಹೆಸರು ಅದರ ಜೊತೆಯಲ್ಲಿರಬೇಕು. ಹೆಸರು ಕಳೆದುಕೊಂಡ ವಿಗ್ರಹ ಬರಿಯ ಅಲಂಕಾರದ ಗೊಂಬೆ.

ಕುಣಿಮಗ್ಗದ ಮುಂದೆ

ಕಲ್ಲಿನ ಮಾತು ಸಾಕು. ಉಣ್ಣೆಯ ಕಡೆಗೆ ಬರೋಣ. ಮಳೆ ಕಡಮೆಯಾದ ಈ ಐದು ತಾಲ್ಲೂಕುಗಳಲ್ಲಿ ಕುರಿ ಸಾಕಣೆ ಬಹು ಪ್ರಾಚೀನವಾದ ಕಸುಬು. ಕುರಿಯ ಬೆನ್ನ ಹಿಂದೆಯೇ ಕಂಬಳಿ. ಕರಿಯ ಉಣ್ಣೆಯನ್ನು ಕತ್ತರಿಸಿ, ಬಿಲ್ಲಿನಿಂದ ಹಿಂಜಿ, ರಾಟೆಯಲ್ಲಿ ನೂಲು ತೆಗೆಯುವುದು ಹೆಂಗಸರ ಕೆಲಸ. ಹಾಸಿನ ನೂಲಿಗೆ ಹುಣಿಸೆಬೀಜದ ಗಂಜಿಯನ್ನು ಕುಂಚದಿಂದ ಹಚ್ಚಿ ಬಿಸಿಲಿಗೆ ಬಿಗಿಯುತ್ತಾರೆ. ನೆಲದಲ್ಲಿ ತೋಡಿದ ಗುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವುದು ಗಂಡಸರ ಪಾಲು. ಈ ಕುಣಿಮಗ್ಗದಲ್ಲಿ ಕಬ್ಬಿಣದ ಭಾಗ ಹುಡುಕಿದರೂ ಹೆಚ್ಚು ಸಿಗುವುದಿಲ್ಲ; ಮರ, ಹಗ್ಗ, ಮನುಷ್ಯನ ಮೈ ಇಷ್ಟೇ ಯಂತ್ರ.

ಈ ಕಂಬಳಿ ಚಳಿಗಾಲದಲ್ಲಿ ಬೆಚ್ಚಗೆ, ಮಳೆಯಲ್ಲಿ ಕೊಡೆ, ಹೊಲದಲ್ಲಿ ಹಾಸಿಗೆ, ಸುಗ್ಗಿಯಲ್ಲಿ ಕಾಳು ತುಂಬುವ ಚೀಲ. ಇಷ್ಟೇ ಆಗಿದ್ದರೆ ಅದನ್ನು ಬರಿಯ ಬಳಕೆಯ ವಸ್ತುವೆನ್ನಬಹುದಿತ್ತು. ಆದರೆ ಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಕಾರ್ಣಿಕದ ದಿನ ಹೋದವರು, ಕರಿಯ ಕಂಬಳಿ ಧರಿಸಿದ ಗೊರವರನ್ನು ನೂರಾರು ಸಂಖ್ಯೆಯಲ್ಲಿ ಕಾಣುತ್ತಾರೆ. ನೆಟ್ಟಗೆ ನಿಲ್ಲಿಸಿದ ಬಿಲ್ಲನ್ನೇರಿ ಗೊರವಯ್ಯನು ಒಂದೇ ವಾಕ್ಯದಲ್ಲಿ ವರ್ಷದ ಭವಿಷ್ಯ ನುಡಿಯುವಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ದೇವರ ಕಾರ್ಯಕ್ಕೆ ಕಂಬಳಿಯ ಗದ್ದುಗೆ ಹಾಸುವ ಪದ್ಧತಿ ಈ ಸೀಮೆಯಲ್ಲಿ ಇನ್ನೂ ನಿಂತಿಲ್ಲ.

ಮಗ್ಗದ ಮುಂದೆ ಕುಳಿತಿದ್ದ ಹಿರಿಯರೊಬ್ಬರನ್ನು, ‘ಯಜಮಾನರೇ, ಮಕ್ಕಳು ಕಲಿತಿದ್ದಾರೆಯೇ?’ ಎಂದು ಕೇಳಿದೆ. ‘ಕಲಿಸಿದರ ಹೊಟ್ಟಿಗೆ ಏನು ಹಾಕಾಣ ಸರ? ಪಾಣಿಪತ್ತಿನ ಹೊದಿಕಿ ಸಂತ್ಯಾಗ ಇದರ ಅರ್ಧ ರೇಟಿಗೆ ಸಿಗ್ತತಿ’ ಎಂದರು. ಆ ಮಾತಿನಲ್ಲಿ ದೂರೇನೂ ಇರಲಿಲ್ಲ, ಲೆಕ್ಕವಿತ್ತು. ವಾರಗಟ್ಟಲೆ ಒಂದು ಕುಟುಂಬವೇ ದುಡಿದ ಕಂಬಳಿಗೂ ಯಂತ್ರ ಒಂದು ಗಳಿಗೆಯಲ್ಲಿ ಉಗುಳಿದ ಹೊದಿಕೆಗೂ ಸಂತೆಯಲ್ಲಿ ಒಂದೇ ತಕ್ಕಡಿ. ಇಲ್ಲಿ ನೋಡುವವನ ಮೆಚ್ಚುಗೆಯಿಂದ ಮಗ್ಗ ನಡೆಯುವುದಿಲ್ಲ. ಒಂದು ಕಂಬಳಿ ಕೊಂಡರೆ ನಡೆಯುತ್ತದೆ.

ಒಂದು ಲಂಗದ ಕಥೆ

ಈ ಸೀಮೆಯ ಗುಡ್ಡದ ಬದಿಗಳಲ್ಲಿ ಲಂಬಾಣಿ ತಾಂಡಾಗಳು ಬಹಳ. ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದಖ್ಖಣದ ಉದ್ದಗಲಕ್ಕೆ ವ್ಯಾಪಾರ ನಡೆಸಿದ ಜನ ಇವರು. ರೈಲು ಬಂದು ಆ ಕಸುಬನ್ನು ಕಸಿದುಕೊಂಡ ಮೇಲೆ ನೆಲೆನಿಂತರು. ಅಲೆದಾಟದ ಬದುಕಿನಲ್ಲಿ ಮನೆಯ ಗೋಡೆಗೆ ಚಿತ್ರ ಬರೆಯುವಂತಿಲ್ಲ. ಆದ್ದರಿಂದ ಅವರ ಹೆಂಗಸರು ಉಡುವ ಬಟ್ಟೆಯ ಮೇಲೆಯೇ ಚಿತ್ರ ಬರೆದರೆಂದು ತೋರುತ್ತದೆ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ರವಿಕೆ, ತಲೆಯ ಮೇಲಿನ ಹೊದಿಕೆ, ಕೊಡ ಹೊರುವ ಸಿಂಬೆ, ಎಲ್ಲದರ ಮೇಲೂ ಕನ್ನಡಿಯ ಚೂರು, ಕವಡೆ, ನಾಣ್ಯ ಮತ್ತು ಬಣ್ಣದ ದಾರ. ವೇಲೆ, ಬಕ್ಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ತೇರಾ ದೋರಾ, ರೇಲೋ, ಗದ್ರಿ, ನಾಕ್ರಾ ಮುಂತಾಗಿ ಹದಿನಾಲ್ಕು ಬಗೆಯ ಹೊಲಿಗೆಗಳಿಗೆ ಹೆಸರುಗಳಿವೆ. ಮದುವೆಗೆ ಮುನ್ನ ಹುಡುಗಿ ತನ್ನ ಉಡುಪನ್ನು ತಾಯಿಯ ಪಕ್ಕದಲ್ಲಿ ಕುಳಿತು ತಾನೇ ಹೊಲಿದುಕೊಳ್ಳುತ್ತಿದ್ದಳು. ಅದು ವರ್ಷಗಳ ಕೆಲಸ.

ಹರಪನಹಳ್ಳಿ ತಾಲ್ಲೂಕಿನ ಒಂದು ತಾಂಡಾದಲ್ಲಿ ವೃದ್ಧೆಯೊಬ್ಬರು ತಮ್ಮ ಮದುವೆಯ ಫೇಟಿಯಾವನ್ನು ತಗಡಿನ ಪೆಟ್ಟಿಗೆಯಿಂದ ತೆಗೆದು ಬಿಡಿಸಿ ತೋರಿಸಿದರು. ಕೆಂಪು ನೆಲದ ಮೇಲೆ ಸೂರ್ಯನಂತೆ ಹೊಳೆಯುವ ಕನ್ನಡಿಗಳು. ಅಂಚಿನಲ್ಲಿ ಎಣಿಸಲಾಗದ ಹೊಲಿಗೆ. ಹಳೆಯ ಬಟ್ಟೆ ಕೊಳ್ಳುವವನೊಬ್ಬ ಆಗಲೇ ಬಂದು ಬೆಲೆ ಹೇಳಿ ಹೋಗಿದ್ದ; ಮುಂದಿನ ವಾರ ಮತ್ತೆ ಬರುವವನಿದ್ದ. ‘ಇದನ್ನು ಕೊಡುತ್ತೀರಾ ಅವ್ವಾ?’ ಎಂದೆ.

‘ಸೊಸಿ ಉಡಂಗಿಲ್ಲ, ಮೊಮ್ಮಗಳು ಮುಟ್ಟಂಗಿಲ್ಲ. ಪೆಟ್ಟಿಗ್ಯಾಗ ಇಲಿ ಕಡಿಯೋದಕ್ಕಿಂತ ಯಾರಾರ ತಗೊಂಡು ಹೋದ್ರ ಚಲೋ ಅಲ್ಲೇನ್ರೀ ಮಾಸ್ತರ?’

ಆ ಪ್ರಶ್ನೆಗೆ ಉತ್ತರ ಕೊಡುವುದು ಸುಲಭವಲ್ಲ. ಕೊಂಡೊಯ್ದವನು ಅದನ್ನು ಕತ್ತರಿಸುತ್ತಾನೆ. ತುಂಡುಗಳು ನಗರದ ಅಂಗಡಿಗಳಲ್ಲಿ ಕೈಚೀಲವಾಗಿ, ದಿಂಬಿನ ಹೊದಿಕೆಯಾಗಿ ತೂಗುತ್ತವೆ. ಕೊಂಡವರಿಗೆ ಹೊಲಿದವಳ ಹೆಸರು ಗೊತ್ತಿಲ್ಲ, ತಾಂಡಾದ ಹೆಸರು ಗೊತ್ತಿಲ್ಲ. ಇನ್ನು ಕಾನೂನು ನೆರವಾಗುತ್ತದೆಯೇ ಎಂದರೆ, 1972ರ ಪುರಾವಸ್ತು ಕಾಯಿದೆ ಅನ್ವಯಿಸುವುದು ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುಗಳಿಗೆ. ಹಸ್ತಪ್ರತಿಗಳಾದರೆ ಎಪ್ಪತ್ತೈದು ವರ್ಷ. ಬಾಗಳಿಯ ಒಂದು ವಿಗ್ರಹವನ್ನು ಕದ್ದರೆ ಪೊಲೀಸರು ಬರುತ್ತಾರೆ; ಅಜ್ಜಿಯ ಐವತ್ತು ವರ್ಷದ ಲಂಗ ಹೋದರೆ ಯಾರೂ ಬರುವುದಿಲ್ಲ. ವಿಗ್ರಹ ಉಳಿಯುವ ಸಂಭವ ಹೆಚ್ಚು. ಲಂಗ ಈ ಹತ್ತು ವರ್ಷಗಳಲ್ಲಿ ಹೋದರೆ ಹೋಯಿತು.

ಲಂಗವೊಂದು ವಸ್ತುಸಂಗ್ರಹಾಲಯಕ್ಕೇ ಮೂಲವಾದ ಕಥೆ ದೂರದ ಸ್ವೀಡನ್ ದೇಶದಲ್ಲಿದೆ. ಆರ್ಟುರ್ ಹಾಜೆಲಿಯಸ್ ಎಂಬ ವಿದ್ವಾಂಸ 1872ರಲ್ಲಿ ಡಾಲಾರ್ನಾ ಎಂಬ ಪ್ರಾಂತ್ಯದಲ್ಲಿ ಸಂಚರಿಸುತ್ತಿದ್ದಾಗ, ರೈಲು ಮತ್ತು ಕಾರ್ಖಾನೆಗಳ ಭರದಲ್ಲಿ ಹಳ್ಳಿಗರ ಉಡುಪು, ಪಾತ್ರೆ ಪದಾರ್ಥಗಳು ಕಣ್ಣೆದುರಿಗೇ ಮಾಯವಾಗುತ್ತಿರುವುದನ್ನು ಕಂಡ. ಆತ ಮೊದಲು ಕೊಂಡುಕೊಂಡದ್ದು ಹಳ್ಳಿಯ ಹೆಂಗಸು ಉಡುವ ಒಂದು ಉಣ್ಣೆಯ ಲಂಗ. ಆ ಲಂಗದಿಂದ ಆರಂಭವಾದ ಸಂಗ್ರಹ ಮುಂದೆ ನಾರ್ಡಿಕ್ ವಸ್ತುಸಂಗ್ರಹಾಲಯವಾಯಿತು. 1891ರಲ್ಲಿ ಸ್ಟಾಕ್‌ಹೋಮಿನಲ್ಲಿ ಆತನೇ ತೆರೆದ ಸ್ಕಾನ್ಸೆನ್, ಹಳ್ಳಿಯ ಮನೆಗಳನ್ನೇ ತಂದು ನಿಲ್ಲಿಸಿದ ಜಗತ್ತಿನ ಮೊದಲ ಬಯಲು ವಸ್ತುಸಂಗ್ರಹಾಲಯವೆಂದು ಪ್ರಸಿದ್ಧವಾಯಿತು. ನಮ್ಮಲ್ಲಿಯೂ ಅಂಥ ಪ್ರಯತ್ನಗಳು ನಡೆದಿವೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯಕ್ಕಾಗಿ 1968ರ ಸುಮಾರಿನಲ್ಲಿ ಜೀ. ಶಂ. ಪರಮಶಿವಯ್ಯನವರೂ ಕಲಾವಿದ ಪಿ. ಆರ್. ತಿಪ್ಪೇಸ್ವಾಮಿಯವರೂ ಹಳ್ಳಿಹಳ್ಳಿ ಅಲೆದು ಒನಕೆ, ಗೊಂಬೆ, ವೇಷಭೂಷಣಗಳನ್ನು ಕೂಡಿಹಾಕಿದರು. ಆ ಕೆಲಸ ನಡೆಯದಿದ್ದರೆ ಅವುಗಳಲ್ಲಿ ಎಷ್ಟೋ ವಸ್ತುಗಳು ಒಲೆ ಸೇರುತ್ತಿದ್ದವು.

ಸಂಡೂರು, ಕಮಲಾಪುರ, ಬಳ್ಳಾರಿ

ಲಂಬಾಣಿ ಸೂಜಿಯ ಕಥೆಯಲ್ಲಿ ಆಶೆಗೂ ಎಡೆಯಿದೆ. ಕೂಡ್ಲಿಗಿಯಿಂದ ಸಂಡೂರಿನ ಕಡೆಗೆ ಹೊರಳಿದರೆ ಅಲ್ಲಿ ಸಂಡೂರು ಕುಶಲ ಕಲಾ ಕೇಂದ್ರವಿದೆ. ತಾಂಡಾಗಳ ಹೆಂಗಸರು ಅಲ್ಲಿ ಹಳೆಯ ಹೊಲಿಗೆಯನ್ನೇ ಹೊಸ ಬಟ್ಟೆಯ ಮೇಲೆ ಹಾಕುತ್ತಾರೆ. ಕೂಲಿ ಅವರ ಕೈಗೇ ಸೇರುತ್ತದೆ. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. 2023ರ ಜುಲೈ ತಿಂಗಳಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆ ಹಂಪೆಯಲ್ಲಿ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಕೂಡಿ ಸಿದ್ಧಪಡಿಸಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಹೊಸದನ್ನು ಮಾರಿ ಹಳೆಯದನ್ನು ಉಳಿಸಿಕೊಳ್ಳುವ ದಾರಿ ಇದು. ಪೆಟ್ಟಿಗೆಯ ಮುಂದೆ ಕುಳಿತ ಅಜ್ಜಿಯ ಪ್ರಶ್ನೆಗೆ ಪೂರ್ತಿ ಉತ್ತರವಲ್ಲದಿದ್ದರೂ ಅರ್ಧ ಉತ್ತರ.

ಕೂಡ್ಲಿಗಿಯಲ್ಲಿ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ. ಕೊಟ್ಟೂರಿನ ಸಮೀಪ ಅಂಬಳಿಯ ಕಲ್ಲೇಶ್ವರನಿದ್ದಾನೆ. ಇವನ್ನು ಮುಗಿಸಿ ಹಂಪೆಗೆ ಬಂದವರು ವಿಠ್ಠಲನ ಕಲ್ಲಿನ ರಥಕ್ಕೆ ಧಾವಿಸುವ ಮೊದಲು ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಬೇಕು. ಆನೆಯ ಲಾಯದಲ್ಲಿ ಕೂಡಿಟ್ಟಿದ್ದ ವಸ್ತುಗಳು 1972ರಲ್ಲಿ ಇಲ್ಲಿಯ ಕಟ್ಟಡಕ್ಕೆ ಬಂದವು. ಅಂಗಳದಲ್ಲಿ ವಿಜಯನಗರದ ಬೆಟ್ಟ, ಹೊಳೆ, ಕೋಟೆ, ದೇಗುಲಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿಯಿದೆ; ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ ಮಗುವಿಗೆ ಮರುದಿನ ಹಂಪೆಯಲ್ಲಿ ದಾರಿ ತಪ್ಪುವುದಿಲ್ಲ. ಹತ್ತಿರದಲ್ಲಿಯೇ ಕನ್ನಡ ವಿಶ್ವವಿದ್ಯಾಲಯವಿದೆ. ಬಳ್ಳಾರಿ ಜಿಲ್ಲೆಯ ಶಾಸನಗಳನ್ನು ಕನ್ನಡ ಲಿಪಿಯಲ್ಲಿಯೇ ಸಂಪುಟವಾಗಿ ಹೊರತಂದ ಕೀರ್ತಿ ಅದರದು.

ಇನ್ನೊಂದು ದಿನ ಉಳಿದವರು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯವನ್ನು ನೋಡಬಹುದು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಶಿಲಾಯುಗದ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ ಭೂವಿಜ್ಞಾನಿ ಈ ಫೂಟ್. ಬಳ್ಳಾರಿಯ ಗುಡ್ಡಗಳನ್ನೂ ಆತ ಬಿಡದೆ ಶೋಧಿಸಿದ. ಪ್ರೊಫೆಸರ್ ರವಿ ಕೋರಿಸೆಟ್ಟರ್ ಅವರ ಶ್ರಮದಿಂದ ರೂಪುಗೊಂಡ ಈ ಸಂಗ್ರಹದಲ್ಲಿ, ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ಹೇಗೆ ತಯಾರಿಸಿದರೆಂಬುದನ್ನು ಹಂತಹಂತವಾಗಿ ತಿಳಿಯಬಹುದು. ಕುಣಿಮಗ್ಗ ನೋಡಿ ಬಂದ ಕಣ್ಣಿಗೆ ಆ ಕೊಡಲಿಯ ಅಂಚಿನ ನಯವೂ ಒಬ್ಬ ಕಸುಬುದಾರನ ಹೆಮ್ಮೆಯಾಗಿ ಕಾಣುತ್ತದೆ.

ಹೊರಡುವವರಿಗೆ ಕೆಲವು ಮಾತು

ಈ ಸೀಮೆಯ ಬಿಸಿಲು ಪ್ರಖರವಾದುದು. ಕಾರ್ತಿಕದಿಂದ ಮಾಘದವರೆಗಿನ ತಿಂಗಳುಗಳು ಸಂಚಾರಕ್ಕೆ ಹಿತ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆಯೆಂಬುದನ್ನು ಮರೆಯಬಾರದು. ಹಳ್ಳಿಯ ದೇವಾಲಯಗಳಲ್ಲಿ ಗರ್ಭಗುಡಿಯ ಬೀಗದ ಕೈ ಪೂಜಾರಿಯವರ ಮನೆಯಲ್ಲೋ ಕಾವಲುಗಾರರ ಬಳಿಯಲ್ಲೋ ಇರುತ್ತದೆ. ಕಾರಿನ ಕಹಳೆ ಊದಿ ಕರೆಸುವುದಕ್ಕಿಂತ ಮನೆ ಹುಡುಕಿಕೊಂಡು ಹೋಗಿ ‘ಸ್ವಲ್ಪ ತೋರಿಸ್ತೀರಾ ಸ್ವಾಮಿ?’ ಎಂದು ಕೇಳುವುದು ಮರ್ಯಾದೆ. ಹಾಗೆ ಕೇಳಿದವರಿಗೆ ಬಾಗಿಲಿನ ಜೊತೆಗೆ ಊರಿನ ಕಥೆಯೂ ತೆರೆಯುತ್ತದೆ. ಶಿಲ್ಪದ ಮೇಲೆ ನೀರು ಸುರಿದು, ಸುಣ್ಣ ಬಳಿದು ಅಕ್ಷರ ಓದುವ ಸಾಹಸ ಬೇಡ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ತಾಂಡಾದ ಹೆಂಗಸರ ಛಾಯಾಚಿತ್ರವನ್ನು ಕೇಳದೆ ತೆಗೆಯಬಾರದೆಂದು ಸುಸಂಸ್ಕೃತರಾದ ಓದುಗರಿಗೆ ಹೇಳಬೇಕಾದುದಿಲ್ಲ.

ಕೊಳ್ಳುವ ವಿಷಯದಲ್ಲಿ ಒಂದೇ ನಿಯಮ: ಹೊಸದನ್ನು ಕೊಳ್ಳಿ, ಹಳೆಯದನ್ನು ಕೊಳ್ಳಬೇಡಿ. ಹೊಸ ಕಂಬಳಿಗೆ, ಹೊಸ ಕಸೂತಿಗೆ ಕೊಟ್ಟ ಹಣ ನಾಳೆ ಇನ್ನೊಂದನ್ನು ಹುಟ್ಟಿಸುತ್ತದೆ. ಹಳೆಯ ಫೇಟಿಯಾಕ್ಕೆ ಕೊಟ್ಟ ಹಣ ಒಂದು ಪೆಟ್ಟಿಗೆಯನ್ನು ಬರಿದು ಮಾಡುತ್ತದೆ. ಬೆಲೆಯಲ್ಲಿ ನೂರು ರೂಪಾಯಿ ಚೌಕಾಸಿ ಮಾಡಿ ಗೆದ್ದ ಸಂತೋಷ ಮನೆ ತಲಪುವಷ್ಟರಲ್ಲಿ ಕರಗುತ್ತದೆ. ಕಂಬಳಿ ಹತ್ತು ಹದಿನೈದು ವರ್ಷ ಬಾಳುತ್ತದೆ.

ಪ್ರವಾಸಕ್ಕೆ ಹೊರಡುವಾಗ ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಡಿ. ನೋಡಿದ ಒಂದೊಂದು ವಸ್ತುವಿಗೂ ನಾಲ್ಕು ಸಾಲು ಸಾಕು: ಹೆಸರೇನು, ಯಾವ ಊರಿನದು, ಮಾಡಿದವರು ಯಾರು, ಯಾತಕ್ಕೆ ಬಳಸುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಪುಸ್ತಕದ ಉಳಿದ ಹಾಳೆಗಳನ್ನು ಮನೆಯ ಅಟ್ಟಕ್ಕೆ ಮೀಸಲಿಡಬಹುದು. ಅಜ್ಜಿ ಹೊಲಿದ ಕೌದಿ, ಚನ್ನೆಮಣೆ, ತಾತನ ತಾಳೆಗರಿಯ ಕಟ್ಟು, ಹಿತ್ತಾಳೆಯ ಅಡಕೊತ್ತು ಯಾವುದಾದರೂ ಒಂದು ಎಲ್ಲರ ಮನೆಯಲ್ಲಿಯೂ ಇರುತ್ತದೆ. ಕೌದಿಯ ಒಂದೊಂದು ತುಂಡು ಯಾರ ಸೀರೆಯದೆಂದು ಹೇಳಬಲ್ಲವರು ಮನೆಯಲ್ಲಿ ಇನ್ನೂ ಇರುವಾಗಲೇ ಆ ನಾಲ್ಕು ಸಾಲು ಬರೆದುಬಿಡುವುದು ಒಳಿತು.